ಏಳನೆಯ ಕಲಮಿನ ನಾಲ್ಕನೆಯ ಸಾಲು

ಟೈಪಾದ ಕದನವಿರಾಮ ಒಪ್ಪಂದದ ಪ್ರತಿಗಳು ಹಾಲಿನ ಒಳಗೆ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಸುಡುವುದಕ್ಕೆಂದು ತೆಗೆದಿಟ್ಟಿದ್ದ ಕೈಬರಹದ ಕರಡಿನ ಮೇಲೆ ಇದಿನಬ್ಬ ಅಭ್ಯಾಸಬಲದಿಂದ ಬೆರಳಾಡಿಸುತ್ತಿದ್ದ. ಏಳನೆಯ ಕಲಮಿನಲ್ಲಿ ಐದು ಸಾಲುಗಳಿದ್ದವು. ಎದುರಿಗಿದ್ದ ಕಾರ್ಬನ್ ಪ್ರತಿಯಲ್ಲಿ ನಾಲ್ಕು. ಅವನು ಮತ್ತೊಮ್ಮೆ ಎಣಿಸಿದ. ಮತ್ತೆ ಕೆಳಗಿನಿಂದ ಮೇಲಕ್ಕೆ ಎಣಿಸಿದ, ಹಾಗೆ ಎಣಿಸಿದರೆ ಒಂದು ಹೆಚ್ಚಾಗಬಹುದೇನೋ ಎಂಬಂತೆ. ಐದೂ ಸಾಲುಗಳು ಅವೇ ಎರಡು ಪದಗಳಿಂದ ಶುರುವಾಗುತ್ತಿದ್ದವು. ಮೂರನೆಯದನ್ನು ಹೊಡೆದು ಮುಗಿಸಿ ಕಣ್ಣನ್ನು ಮತ್ತೆ ಕರಡಿಗೆ ತಂದಾಗ ಅದು ನಾಲ್ಕನೆಯದನ್ನು ಹಾರಿ ಐದನೆಯದರ ಮೇಲೆ ಕೂತಿದೆ. ಅಷ್ಟೇ ನಡೆದದ್ದು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ಏಸಿ ಮೈ ಕೊರೆಯುವಷ್ಟು ತಣ್ಣಗಿದ್ದರೂ ಅವನ ಕಂಕುಳಲ್ಲಿ ಬೆವರು ಹರಿಯತೊಡಗಿತು. ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ.

ದೋಹಾದ ಕಡಲದಂಡೆಯ ಕಾರ್ನಿಶ್ ರಸ್ತೆಯ ಈ ಹೋಟೆಲಿನ ನಾಲ್ಕನೆಯ ಮಹಡಿಯಲ್ಲಿ ಹನ್ನೊಂದು ದಿನಗಳಿಂದ ಮಾತುಕತೆ ನಡೆದಿತ್ತು. ಎಡಗಡೆಯ ಕೋಣೆಗಳಲ್ಲಿ ಒಂದು ಪಕ್ಷದವರು, ಬಲಗಡೆ ಇನ್ನೊಂದು ಪಕ್ಷದವರು, ನಡುವಿನ ಹಾಲಿನಲ್ಲಿ ಮಧ್ಯಸ್ಥರು. ಒಂದೇ ದೇಶದವರು, ಒಂದೇ ಭಾಷೆಯವರು, ಒಂದೇ ತರದ ಶಾಲು ಹೊದೆಯುವವರು. ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದರು. ಸಮುದ್ರದಾಚೆ ಅವರ ಬಂದರು ಪಟ್ಟಣಕ್ಕೆ ಮುತ್ತಿಗೆ ಬಿದ್ದು ಎರಡು ತಿಂಗಳು. ಆ ಊರಿನ ಹೆಸರನ್ನು ಹೋಟೆಲಿನಲ್ಲಿ ಯಾರೂ ಎತ್ತಬಾರದೆಂದು ಮೊದಲ ದಿನವೇ ಅಪ್ಪಣೆಯಾಗಿತ್ತು. ಅಡುಗೆಯವರಿಂದ ಹಿಡಿದು ಲಿಫ್ಟಿನವನ ತನಕ ಎಲ್ಲರೂ 'ಬಂದರು' ಎನ್ನುತ್ತಿದ್ದರು. ಕಂಪ್ಯೂಟರಿನ ಹೊಟ್ಟೆಯಲ್ಲಿ ಪ್ರತಿ ಉಳಿದುಬಿಡುತ್ತದೆ ಎಂಬ ಅನುಮಾನ ಎರಡೂ ಪಕ್ಷಗಳಿಗಿತ್ತು. ಆ ಅನುಮಾನವೊಂದರಲ್ಲಿ ಮಾತ್ರ ಅವರು ಮೊದಲ ದಿನವೇ ಒಮ್ಮತಕ್ಕೆ ಬಂದಿದ್ದರು. ಹಾಗಾಗಿ ಇದಿನಬ್ಬ ಕೆಲಸಕ್ಕಿದ್ದ ಸರಕಾರಿ ಇಲಾಖೆಯ ಗೋದಾಮಿನಿಂದ ಹಳೆಯ ಅರಬಿ ಟೈಪ್‌ರೈಟರ್ ಬಂತು, ಅದರ ಹಿಂದೆಯೇ ಅದನ್ನು ಹೊಡೆಯಬಲ್ಲ ಇದಿನಬ್ಬನೂ ಬಂದ. ತೊಂಬತ್ತನಾಲ್ಕರ ಇಸವಿಯಲ್ಲಿ ದೋಹಾದಲ್ಲಿ ಅಂಥವರು ಹೆಚ್ಚು ಉಳಿದಿರಲಿಲ್ಲ. ಹೆಂಡತಿ ಝೊಹರಾ ಮೊದಲ ದಿನ ಅಂಗಿಗೆ ಇಸ್ತ್ರಿ ಹಾಕುತ್ತಾ, "ದೊಡ್ಡವರ ಕೆಲಸ, ಕಣ್ಣಿಟ್ಟು ಮಾಡಿ" ಎಂದಿದ್ದಳು. ಕಣ್ಣಿಟ್ಟಿದ್ದ. ಕಣ್ಣೇ ಜಾರಿತ್ತು.

ಅವನಿಗೆ ಅರಬಿ ಓದಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಈ ಮಾತನ್ನು ಅವನು ಹದಿನೈದು ವರ್ಷಗಳಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಮಂಗಳೂರಿನ ಮದರಸದಲ್ಲಿ ಐದನೆಯ ವಯಸ್ಸಿನಿಂದ ಕುರಾನು ಓದಿದವನು. ಅಕ್ಷರ, ಸ್ವರ, ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು, ಎಲ್ಲವೂ ಬಾಯಲ್ಲಿತ್ತು. ಅದು ಏನು ಹೇಳುತ್ತದೆ ಎಂದು ಕೇಳುವುದು ಆ ವಯಸ್ಸಿಗೆ ತೋಚಲಿಲ್ಲ, ತೋಚುವ ವಯಸ್ಸಿಗೆ ನಾಚಿಕೆಯಾಯಿತು. ಎಪ್ಪತ್ತೊಂಬತ್ತರಲ್ಲಿ ಕೆಲಸ ಕೇಳಿ ಬಂದಾಗ ಅಧಿಕಾರಿಯೊಬ್ಬ ಪತ್ರಿಕೆಯನ್ನು ಮುಂದೆ ತಳ್ಳಿ ಓದು ಎಂದ. ಇದಿನಬ್ಬ ಓದಿದ. ಅಧಿಕಾರಿ ಕಣ್ಣು ಮುಚ್ಚಿ ಕೇಳಿ ಮಾಶಾ ಅಲ್ಲಾ ಎಂದು ಮೆಚ್ಚಿಕೊಂಡ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಅವನು ಓದಿದ್ದು ಸಿಮೆಂಟಿನ ಜಾಹೀರಾತೋ ಸಾವಿನ ಸುದ್ದಿಯೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಂಗಡಿಯ ಅರಬಿ, ಟ್ಯಾಕ್ಸಿಯ ಅರಬಿ ಬರುತ್ತದೆ. ಆದರೆ ಕಾಗದದ ಅರಬಿ ಬೇರೆ. ಅದು ಬೆರಳುಗಳ ಮೂಲಕ ಹಾದುಹೋಗುತ್ತದೆ, ತಲೆಗೆ ತಾಗುವುದಿಲ್ಲ. ಗುಟ್ಟಿನ ಕಾಗದಗಳಿಗೆ ಇಂಥವನೇ ಬೇಕು ಎಂದು ಇಲಾಖೆಯವರು ಎಂದೋ ಕಂಡುಕೊಂಡಿರಬಹುದೆಂಬ ಸಂಶಯವೂ ಅವನಿಗಿತ್ತು. ಹಾಗಿದ್ದರೆ ಅದು ಅವನ ಯೋಗ್ಯತೆಗೆ ಕೊಟ್ಟ ಕೆಲಸವಲ್ಲ, ದಡ್ಡತನಕ್ಕೆ ಕೊಟ್ಟದ್ದು. ಹಾಗಂದುಕೊಂಡ ದಿನಗಳಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಈಗ ಬಿಟ್ಟುಹೋದ ಸಾಲನ್ನು ತುಟಿ ಅಲುಗಿಸುತ್ತಾ ಓದಿದ. ಇಪ್ಪತ್ತೊಂದು ಪದ. ಅವುಗಳಲ್ಲಿ ಮುಸ್ತಶ್ಫಾ ಎಂದರೆ ಆಸ್ಪತ್ರೆ. ಗಲ್ಫಿಗೆ ಬಂದ ಮೊದಲ ವಾರದಲ್ಲೇ ಎಲ್ಲರೂ ಕಲಿಯುವ ಪದ. ಮಾ ಎಂದರೆ ನೀರು. ಉಳಿದದ್ದು ಉದ್ದುದ್ದ ಪದಗಳು. ಏನೂ ಗೊತ್ತಿಲ್ಲದವನಿಗೆ ಇರುವ ಧೈರ್ಯವೂ ಈ ಎರಡು ಪದಗಳಿಂದ ಹೋಯಿತು. ಇವತ್ತು ಮೂರು ಗಂಟೆಯ ಅಸರ್ ನಮಾಜಿನ ಬಳಿಕ ಸಹಿ. ಅಷ್ಟರೊಳಗೆ ಯಾರಾದರೂ ಕಂಡುಹಿಡಿದರೆ, ಯಾರು ಹೊಡೆದದ್ದು ಎಂದು ಕೇಳುತ್ತಾರೆ. ಹೇಗೆ ಬಿಟ್ಟೆ, ಓದುವಾಗ ಅರ್ಥ ಕಡಿದುಹೋದದ್ದು ತಿಳಿಯಲಿಲ್ಲವೇ ಎಂದು ಕೇಳುತ್ತಾರೆ. ಆಗ ಹದಿನೈದು ವರ್ಷಗಳ ಬಂಡವಾಳ ಬಯಲಾಗುತ್ತದೆ. ಬೇಕೆಂದೇ ಬಿಟ್ಟೆಯಾ, ಯಾರು ಹೇಳಿದರು ಎಂದು ಕೇಳಿದರೆ? ಅವನಿಗೆ ನಾಲ್ಕು ಗೋಡೆಗಳ, ಕಿಟಕಿಯಿಲ್ಲದ ಒಂದು ಕೋಣೆ ಕಂಡಿತು. ಕೋಣೆಯ ಹೊರಗೆ ಶಾಲೆಯ ಚೀಲ ಹಾಕಿಕೊಂಡು ಮಗಳು ಹಿಬಾ ನಿಂತಿದ್ದಳು. ಅವಳು ಕೇಳಿದ್ದೂ ಇಂಗ್ಲಿಷಿನಲ್ಲೇ, ಬಪ್ಪಾ ವಾಟ್ ಡಿಡ್ ಯು ಡೂ ಎಂದು. ತನಿಯನೂ ಹೀಗೇ ಕೇಳಿದ್ದ, ಆದರೆ ಬಾಯಿಂದಲ್ಲ. ಎಂಬತ್ತೈದರಲ್ಲಿ ಸುರತ್ಕಲ್ಲಿನ ಆ ಹುಡುಗ ಇಮಿಗ್ರೇಶನ್ನಿನ ಹೊರಗೆ ಅರಬಿ ಕರಾರುಪತ್ರ ಹಿಡಿದುಕೊಂಡು, ಸ್ವಲ್ಪ ನೋಡಿ ಬ್ಯಾರಿಗಳೇ ಎಂದಿದ್ದ. ಸುತ್ತ ಏಳೆಂಟು ಮಂದಿ ಊರಿನವರಿದ್ದರು. ಇದಿನಬ್ಬ ಪತ್ರವನ್ನು ಸ್ಪಷ್ಟವಾಗಿ ಗಟ್ಟಿಯಾಗಿ ಓದಿ, ಡ್ರೈವರ್ ಕೆಲಸ, ಎಲ್ಲ ಸರಿ ಉಂಟು ಎಂದು ಹೇಳಿದ್ದ. ತನಿಯ ಹೆಬ್ಬೆಟ್ಟು ಒತ್ತಿದ. ಮೂರು ವರ್ಷ ಮರುಭೂಮಿಯಲ್ಲಿ ಕುರಿ ಕಾಯ್ದು, ಒಂದು ಕಿವಿ ಕೇಳದಾಗಿ ಬಂದ. ಒಮ್ಮೆ ಸೂಕಿನಲ್ಲಿ, ಪೇಟೆಬೀದಿಯಲ್ಲಿ, ಎದುರಾದಾಗ ಏನೂ ಹೇಳದೆ ನಕ್ಕ. ಆ ನಗುವಿಗಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು ಎಂದು ಇದಿನಬ್ಬನಿಗೆ ಈಗಲೂ ಅನಿಸುತ್ತದೆ.

ಬಾಗಿಲು ತೆರೆಯಿತು. ಅವನು ಕರಡಿನ ಮೇಲೆ ಅಂಗೈ ಇಟ್ಟ. ಬಂದವನು ಝೇವಿಯರ್, ಕಿನ್ನಿಗೋಳಿಯವನು, ಹೋಟೆಲಿನ ಊಟದ ವ್ಯವಸ್ಥೆ ನೋಡುವ ಕ್ಯಾಪ್ಟನ್. ಕೈಯಲ್ಲಿ ಹಾಲಿಲ್ಲದ ಸುಲೈಮಾನಿ ಚಾ. ಅವನ ಹೆಂಡತಿ ಅಪೊಲೋನಿಯಾ ಆರು ವರ್ಷಗಳಿಂದ ಬಂದರಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಈ ಹನ್ನೊಂದು ದಿನವೂ ಝೇವಿಯರ್ ಹೀಗೆ ಚಾ ನೆಪ ಮಾಡಿಕೊಂಡು ಬರುತ್ತಿದ್ದ. ಇದಿನಬ್ಬನಿಗೆ ಒಳಗಿನದೆಲ್ಲ ಗೊತ್ತೆಂದು ಅವನ ನಂಬಿಕೆ. ಇದಿನಬ್ಬ ಗಂಭೀರವಾಗಿ ತಲೆಯಾಡಿಸಿ ಆ ನಂಬಿಕೆಯನ್ನು ಸಾಕಿಕೊಂಡು ಬಂದಿದ್ದ.

"ಕಾಕಾ, ಇವತ್ತು ಖಂಡಿತವಾ?"

"ಅಸರ್ ಆದ ಮೇಲೆ ಅಂತೆ."

"ಹಡಗು ಬಂದಿದೆ ಅಲ್ಲಿ, ಗೊತ್ತುಂಟಾ? ಹೊರದೇಶದ ನರ್ಸುಗಳನ್ನು ಕರ್ಕೊಂಡು ಹೋಗ್ಲಿಕ್ಕೆ. ಸಂಜೆ ಬಿಡ್ತದೆ. ಮತ್ತೆ ಬರುದಿಲ್ಲ ಅಂತ ಹೇಳಿದ್ದಾರೆ." ಝೇವಿಯರ್ ಕುರ್ಚಿಯ ತುದಿಯಲ್ಲಿ ಕೂತ. "ಇವಳು ಹತ್ತುದಿಲ್ಲ ಅಂತಾಳೆ ಮಾರಾಯ್ರೆ. ವಾರ್ಡಿನಲ್ಲಿ ಮೂವತ್ತೆಂಟು ಜನ ಉಂಟಂತೆ. ಆಸ್ಪತ್ರೆ ಮೇಲೆ ಶೆಲ್ ಬೀಳುದಿಲ್ಲ, ನೀರು ನಿಲ್ಲುದಿಲ್ಲ ಅಂತ ಕಾಗದದಲ್ಲಿ ಬಂದ್ರೆ ಮಾತ್ರ ಹೊರಡ್ತೇನೆ ಅಂತಾಳೆ. ಇಲ್ಲದಿದ್ರೆ ಅವಳನ್ನು ಅಲ್ಲಿಂದ ಎಬ್ಬಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಎರಡೂವರೆಗೆ ಫೋನು ಬರ್ತದೆ, ರಿಲೀಫಿನವರದ್ದು, ಒಬ್ಬೊಬ್ಬರಿಗೆ ಮೂರು ನಿಮಿಷ. ನೀವು ಸ್ವಲ್ಪ ಪ್ಯಾಂಟ್ರಿಗೆ ಬರ್ಬೇಕು. ನಾನು ಹೇಳಿದ್ರೆ ನಂಬುದಿಲ್ಲ ಅವಳು. ನೀವು ಕಾಗದ ನೋಡಿದವರಲ್ವಾ?"

ಬರುತ್ತೇನೆ ಎಂದು ಇದಿನಬ್ಬ ಹೇಳಿದ. ಹೇಳಿದ್ದು ತನ್ನ ಬಾಯಿಯೇ ಎಂದು ಆಶ್ಚರ್ಯವಾಯಿತು. ಚಾ ಆರಿ ಅದರ ಮೇಲೆ ಕೆನ್ನೀಲಿ ಪೊರೆ ಕಟ್ಟುವವರೆಗೂ ಅವನು ಕೂತಲ್ಲಿಂದ ಏಳಲಿಲ್ಲ. ಎದ್ದದ್ದು ಧೈರ್ಯದಿಂದಲ್ಲ. ಇನ್ನು ಹತ್ತು ನಿಮಿಷ ಕೂತರೆ ಮತ್ತೆ ಏಳಲಾರೆನೆಂಬ ಭಯದಿಂದ. ಕರಡನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಹೋಗಿ ಉಸ್ತಾದ್ ಬಾಬಿಕರ್‌ನ ಮುಂದೆ ನಿಂತ. ಬಾಬಿಕರ್ ಸುಡಾನಿನವನು, ಮಧ್ಯಸ್ಥರ ಕಾಗದಪತ್ರಗಳಿಗೆಲ್ಲ ಒಡೆಯ, ಎಂದೂ ದನಿ ಏರಿಸದ ಮನುಷ್ಯ. ಇದಿನಬ್ಬ ಕರಡನ್ನು ಮೇಜಿನ ಮೇಲಿಟ್ಟು ಅಂಗಡಿಯ ಅರಬಿಯಲ್ಲಿ, ಒಂದು ಸಾಲು ಮಾಫಿ, ಇಲ್ಲ, ತಪ್ಪು ನನ್ನದು ಎಂದು ಹೇಗೋ ಹೇಳಿ ಮುಗಿಸಿದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡ, ಮದರಸದ ಹುಡುಗನ ಹಾಗೆ.

ಬಾಬಿಕರ್ ಕರಡನ್ನು ಎತ್ತಿಕೊಂಡ, ಅದರತ್ತ ನೋಡಲೂ ಇಲ್ಲ. ಎದ್ದು ಬಾಗಿಲು ಹಾಕಿದ. ಅರಬರ ಬಾಯಲ್ಲಿ 'ಹಿಂದಿ'ಯಾದ ಈ ಭಾರತೀಯನಿಗೆ ಅರ್ಥವಾಗಲೆಂದು ಒಂದೊಂದೇ ಪದವನ್ನು ಬಿಡಿಸಿ ಹೇಳತೊಡಗಿದ.

"ನನಗೆ ಗೊತ್ತು. ಮಧ್ಯಸ್ಥರಿಗೆ ಗೊತ್ತು. ಆ ಇಬ್ಬರು ಮುಖಂಡರಿಗೂ ಗೊತ್ತು."

"ಗೊತ್ತಾ?"

"ಎರಡೆರಡು ಸಲ ಓದಿದ್ದಾರೆ. ನಿನ್ನೆ ಆ ಸಾಲನ್ನು ಬೇಡ ಅನ್ನಲು ಇಬ್ಬರಿಗೂ ನಾಚಿಕೆಯಾಯಿತು, ಒಪ್ಪಿದರು. ಇವತ್ತು ಅದು ಕಾಗದದಲ್ಲಿಲ್ಲ. ಒಬ್ಬನೂ ಬಾಯಿ ಬಿಟ್ಟಿಲ್ಲ. ಸಾಲು ಬಿಟ್ಟದ್ದು ನಾನಲ್ಲ, ಅವನೂ ಸುಮ್ಮನಿದ್ದಾನೆ, ಹಾಗಾದರೆ ಒಳ್ಳೆಯದೇ ಎಂದು ಇಬ್ಬರೂ ಲೆಕ್ಕ ಹಾಕಿದ್ದಾರೆ. ಹನ್ನೊಂದು ದಿನಗಳಲ್ಲಿ ಮೊದಲ ಸಲ ಇಬ್ಬರೂ ಪೆನ್ನು ಕೇಳಿದರು. ಯಾ ಹಿಂದಿ, ಆ ಸಾಲನ್ನು ಮತ್ತೆ ಹಾಕಿದರೆ ಎದ್ದು ಹೋಗುತ್ತಾರೆ. ಇವತ್ತು ರಾತ್ರಿಯೇ ಫಿರಂಗಿ ಹಾರುತ್ತದೆ. ಸಾಲಿಲ್ಲದಿದ್ದರೆ ಬಹುಶಃ ನಾಲ್ಕು ದಿನ ತಡೆಯುತ್ತದೆ. ನಾಲ್ಕು ದಿನ ಸಣ್ಣದಲ್ಲ."

"ನಾಲ್ಕು ದಿನದ ನಂತರ?"

ಬಾಬಿಕರ್ ಕರಡನ್ನು ತಗಡಿನ ತೊಟ್ಟಿಗೆ ಹಾಕಿ ಕಡ್ಡಿ ಗೀರಿದ. ಕಾಗದ ದಪ್ಪವಾದದ್ದು, ನಿಧಾನವಾಗಿ ಹತ್ತಿಕೊಂಡಿತು. "ನೀನು ಏನೂ ನೋಡಿಲ್ಲ. ನಿನಗೆ ಅರಬಿ ಅರ್ಥವಾಗುವುದಿಲ್ಲ," ಎಂದ. ನಂತರ, ಬಹುಶಃ ಕರುಣೆಯಿಂದಲೇ, "ಅದು ನಮಗೆಲ್ಲ ಮೊದಲಿನಿಂದಲೂ ಗೊತ್ತು. ಖಲಾಸ್. ಹೋಗು," ಎಂದ.

ಕಾರಿಡಾರಿಗೆ ಬಂದ ಇದಿನಬ್ಬನಿಗೆ ಮೊದಲು ಆದದ್ದು ಸಮಾಧಾನ. ನಾಚಿಕೆಗೇಡಿನ ಸಮಾಧಾನ. ಕೆಲಸ ಹೋಗಲಿಲ್ಲ. ಕಿಟಕಿಯಿಲ್ಲದ ಕೋಣೆ ಇಲ್ಲ. ಸಿಬ್ಬಂದಿಯ ಊಟದ ಕೋಣೆಯಲ್ಲಿ ಫುಟ್ಬಾಲ್ ವಿಶ್ವಕಪ್ಪಿನ ಹಿಂದಿನ ದಿನದ ಆಟ ಮತ್ತೆ ಹಾಕಿದ್ದರು. ಅವನು ಮಲಯಾಳಿಗಳ ನಡುವೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ತನ್ನ ಕಣ್ಣು ಜಾರಿದ್ದರಿಂದ ಒಂದು ಯುದ್ಧ ನಿಂತಿತು ಎಂಬ ಯೋಚನೆ ಬಂದು, ಅದು ಹೆಮ್ಮೆಯಂತೆಯೇ ರುಚಿಸಿತು. ಮೀನಿನ ಮುಳ್ಳನ್ನು ಬಿಡಿಸುತ್ತಿದ್ದಾಗ ತುಟಿಗಳು ತಮ್ಮಷ್ಟಕ್ಕೇ ಅಲುಗುತ್ತಿರುವುದು ಗೊತ್ತಾಯಿತು. ಆ ಸಾಲು. ಇಪ್ಪತ್ತೊಂದು ಪದವೂ, ಒಂದೂ ತಪ್ಪದೆ. ಬೆಳಗಿನಿಂದ ಎಷ್ಟು ಸಲ ಓದಿದ್ದನೋ, ಬಾಯಿಗೆ ಹತ್ತಿಬಿಟ್ಟಿತ್ತು. ಅರ್ಥ ಗೊತ್ತಿಲ್ಲದ್ದು ಅವನಿಗೆ ಹಾಗೆಯೇ ಹತ್ತುತ್ತದೆ, ಅರ್ಥ ಗೊತ್ತಿರುವ ಮನೆಯ ಫೋನ್ ನಂಬರ್ ಬೇಕಾದರೆ ಮರೆಯುತ್ತಾನೆ. ಬರೆದ ಹಾಳೆ ಬೂದಿಯಾಗಿತ್ತು. ಎರಡೂ ಕಡೆಯವರು ಅದನ್ನು ಮರೆಯಲು ತೀರ್ಮಾನಿಸಿದ್ದರು. ಹಾಗಾದರೆ ಈಗ ಅದು ಪೂರ್ತಿಯಾಗಿ ಉಳಿದಿರುವುದು ಮೀನು ತಿನ್ನುತ್ತಿರುವ ಈ ಬಾಯಲ್ಲಿ ಮಾತ್ರ. ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಹೆಮ್ಮೆ ಎಲ್ಲಿಗೆ ಹೋಯಿತೋ, ಮತ್ತೆ ಹೆದರಿಕೆ ಬಂತು. ಆದರೆ ಈ ಹೆದರಿಕೆ ಬೆಳಗಿನದಲ್ಲ. ಇದರಲ್ಲಿ ಅವನ ಮಗಳು ಇರಲಿಲ್ಲ, ಮುಖ ಕಾಣದ ಮೂವತ್ತೆಂಟು ಮಂದಿ ಮಲಗಿದ್ದರು.

ಪ್ಯಾಂಟ್ರಿಯ ಫೋನು ಎರಡೂಮುಕ್ಕಾಲಕ್ಕೆ ಹೊಡೆದುಕೊಂಡಿತು. ಝೇವಿಯರ್ ಕೊಂಕಣಿಯಲ್ಲಿ ಅವಸರ ಅವಸರವಾಗಿ ಏನೋ ಹೇಳಿ, ರಿಸೀವರನ್ನು ಇಬ್ಬರ ಕಿವಿಗಳ ನಡುವೆ ಹಿಡಿದ. ಅವನ ಕೆನ್ನೆ ಇದಿನಬ್ಬನ ಕೆನ್ನೆಗೆ ತಾಗುತ್ತಿತ್ತು, ಆಫ್ಟರ್‌ಶೇವಿನ ವಾಸನೆ ಬರುತ್ತಿತ್ತು. ಮಾತು ತಲುಪಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಆ ನಡುವಿನ ಮೌನದಲ್ಲಿ ದೂರದಲ್ಲಿ ಯಾರೋ ಕೆಮ್ಮುವುದು ಕೇಳಿಸುತ್ತಿತ್ತು.

"ಕಾಕಾ, ನಮಸ್ಕಾರ. ನಾನು ಅಪೊಲೋನಿಯಾ." ಹೆಂಗಸಿನ ದನಿ ಅವನು ಅಂದುಕೊಂಡದ್ದಕ್ಕಿಂತ ತುಂಬ ಸಣ್ಣದಿತ್ತು, ತುಂಬ ದಣಿದಿತ್ತು. "ಕಾಗದದಲ್ಲಿ ನಮ್ಮ ಆಸ್ಪತ್ರೆ ಉಂಟಾ?"

ಇಲ್ಲ ಎಂದರೆ ಈಕೆ ಹಡಗು ಹತ್ತುವುದಿಲ್ಲ. ಉಂಟು ಎಂದರೆ ಹತ್ತುತ್ತಾಳೆ, ಬದುಕುತ್ತಾಳೆ, ಶುಕ್ರವಾರ ಝೇವಿಯರ್‌ನ ಪಕ್ಕದಲ್ಲಿ ಇಗರ್ಜಿಯಿಲ್ಲದ ಈ ಊರಿನ ಯಾರದೋ ಮನೆಯ ಹಾಲಿನಲ್ಲಿ ಬಲಿಪೂಜೆಗೆ ಕೂರುತ್ತಾಳೆ. ಮೂವತ್ತೆಂಟು ಮಂದಿ ಅಲ್ಲೇ ಉಳಿಯುತ್ತಾರೆ. ಪಕ್ಕದ ಕೆನ್ನೆ ಇನ್ನಷ್ಟು ಒತ್ತಿ ಬಂತು.

"ಉಂಟು," ಎಂದ ಇದಿನಬ್ಬ. "ಏಳನೇ ಕಲಮು."

ಆ ಕಡೆ ಮತ್ತೆ ಕೆಮ್ಮು, ನಂತರ, "ಓದಿ ಹೇಳಿ ಕಾಕಾ. ಅರಬಿಯಲ್ಲೇ ಓದಿ. ನನಗೆ ಅರ್ಥ ಆಗ್ತದೆ, ಇಲ್ಲಿ ಆರು ವರ್ಷ ಆಯ್ತಲ್ಲ."

ಅವನು ಓದಿದ. ಕಾಗದವಿರಲಿಲ್ಲ, ಎದುರಿಗೆ ಪಿಂಗಾಣಿ ತಟ್ಟೆಗಳ ಸಾಲಿತ್ತು. ಅದನ್ನು ನೋಡುತ್ತಾ ಇಪ್ಪತ್ತೊಂದು ಪದಗಳನ್ನೂ ಹೇಳಿದ. ಲೈನ್ ಕಡಿಯಿತೆಂದುಕೊಂಡು ಝೇವಿಯರ್ ಹಲೋ ಹಲೋ ಎಂದ.

"ಆಸ್ಪತ್ರೆಯ ಗೋಡೆಯಿಂದಲೂ ನೀರಿನ ಪಂಪಿನ ಮನೆಯಿಂದಲೂ ಫಿರಂಗಿಗಳು ಐನೂರು ಮೀಟರ್ ಹಿಂದೆ ಹೋಗ್ಬೇಕು," ಎಂದು ಅಪೊಲೋನಿಯಾ ನಿಧಾನವಾಗಿ, ತನಗೆ ತಾನೇ ಎಂಬಂತೆ ಹೇಳಿಕೊಂಡಳು. "ಗಾಯ ಆದವ ಯಾವ ಕಡೆಯವ ಅಂತ ಯಾರೂ ಕೇಳ್ಬಾರ್ದು. ಹಾಗೆ ಬರೆದಿದ್ದಾರಾ ಕಾಕಾ? ಕೇಳ್ಬಾರ್ದು ಅಂತ?" ಅವಳು ಅಳುತ್ತಿದ್ದಳು. "ಮೊನ್ನೆ ಬಂದವರು ಹಾಸಿಗೆ ಹಾಸಿಗೆಗೆ ಹೋಗಿ ಅದನ್ನೇ ಕೇಳಿದ್ದು. ಸಾಕು. ನನಗೆ ಅಷ್ಟು ಸಾಕು. ಇವರಿಗೆಲ್ಲ ಹೇಳಿ ಹೊರಡ್ತೇನೆ. ಸಿಸ್ಟರ್ ಹೋಗ್ತಾಳೆ ಅಂತ ಹೆದರಿ ಕೂತಿದ್ದಾರೆ, ಇನ್ನು ಹೆದರ್ಲಿಕ್ಕಿಲ್ಲ ಅಂತ ಹೇಳ್ತೇನೆ."

ಲೈನ್ ಕಡಿಯಿತು. ಝೇವಿಯರ್ ರಿಸೀವರನ್ನು ಇಟ್ಟವನೇ ಇದಿನಬ್ಬನನ್ನು ಬಿಗಿಯಾಗಿ ಅಪ್ಪಿಕೊಂಡು, ನಿಮ್ಮ ಉಪಕಾರ ಸಾಯುವ ತನಕ ಮರೆಯುದಿಲ್ಲ ಮಾರಾಯ್ರೆ ಎಂದು ಬಿಕ್ಕಿದ. ಇದಿನಬ್ಬನ ಕೈಗಳು ಜೋತುಬಿದ್ದಿದ್ದವು. ಅವನು ಬೆಳಗಿನಿಂದ ಬಾಯಲ್ಲಿ ಹೊರಳಿಸುತ್ತಿದ್ದ ಉದ್ದುದ್ದ ಪದಗಳಿಗೆಲ್ಲ ಈಗ ಒಂದೊಂದಾಗಿ ಮೈ ಬಂದಿತ್ತು. ಗೋಡೆ. ಪಂಪಿನ ಮನೆ. ಯಾವ ಕಡೆಯವನು ಎಂದು ಕೇಳಬಾರದು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವಳು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಅವನು ಹೇಳಿದ್ದನ್ನು ಹೇಳುತ್ತಾಳೆ, ಅವರು ನಂಬುತ್ತಾರೆ, ಒಬ್ಬಿಬ್ಬರು ಬಹುಶಃ ನಗುತ್ತಾರೆ. ಆ ನಗುವನ್ನು ಅವನು ಸೂಕಿನಲ್ಲಿ ಒಮ್ಮೆ ತನಿಯನ ಮುಖದಲ್ಲಿ ನೋಡಿದ್ದ. ಹೊರಗೆ ಅಸರ್‌ನ ಬಾಂಗ್ ಕೇಳಿಸಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ನಮಾಜು ತಪ್ಪಿಸಿ ಮೆಟ್ಟಿಲು ಹತ್ತಿದ. ಲಿಫ್ಟಿಗೆ ಕಾಯಲು ಧೈರ್ಯವಿರಲಿಲ್ಲ. ಕಾದರೆ ಮನಸ್ಸು ಹಿಂದೆ ಸರಿಯುತ್ತದೆಂದು ಅವನಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತುಬಿಟ್ಟ. ಅವನು ಬಾಯಿ ಬಿಟ್ಟರೆ ಅವರು ಎದ್ದು ಹೋಗಬಹುದು, ರಾತ್ರಿಯೇ ಫಿರಂಗಿ ಹಾರಬಹುದು, ಆಗ ಆ ಮೂವತ್ತೆಂಟು ಮಂದಿಯನ್ನು ಕೊಂದವನು ಅವನೇ. ಬಿಡದಿದ್ದರೆ ನಾಲ್ಕು ದಿನ ಬಿಟ್ಟು ಕೊಂದವನೂ ಅವನೇ. ಯಾವ ಲೆಕ್ಕವೂ ಬಗೆಹರಿಯಲಿಲ್ಲ. ಹಾಗೇ ಎದ್ದ.

ಹಾಲಿನ ಬಾಗಿಲಲ್ಲಿದ್ದ ಕಾವಲಿನವನು, ಕಾಗದ ತರುವ ಹಿಂದಿಯನಲ್ಲವೇ ಎಂದು ಒಳಗೆ ಬಿಟ್ಟ. ಒಳಗಿನವರು ಅಲ್ಲೇ ನಮಾಜು ಮುಗಿಸಿ ಆಗಲೇ ಕೂತಿದ್ದರು. ಉದ್ದದ ಮೇಜು, ಹಸಿರು ಬಟ್ಟೆ, ಎರಡು ಕಡೆ ಎರಡು ಪೆನ್ನು. ಒಬ್ಬ ಮುಖಂಡನ ಕೈ ಆಗಲೇ ಪೆನ್ನಿನ ಮೇಲಿತ್ತು. ಮುದುಕನ ಕೈ, ಚರ್ಮದ ಮೇಲೆ ಕಂದು ಚುಕ್ಕೆಗಳು. ಬಾಬಿಕರ್ ತಲೆಯೆತ್ತಿ ನೋಡಿದ. ಅವನ ಕಣ್ಣಲ್ಲಿ ಮೊದಲು ಪ್ರಶ್ನೆ, ನಂತರ ಎಚ್ಚರಿಕೆ, ನಂತರ ಇದಿನಬ್ಬನಿಗಿಂತ ಹೆಚ್ಚಿನ ಹೆದರಿಕೆ ಕಾಣಿಸಿತು. ಏಳನೇ ಕಲಮು, ನಾಲ್ಕನೇ ಸಾಲು, ನಾನು ಬಿಟ್ಟೆ ಎಂದು ಅಂಗಡಿಯ ಅರಬಿಯಲ್ಲಿ ಹೇಳಲು ಹೋದ. ಅದು ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಅವನತ್ತ ತಿರುಗಿದ್ದರು. ಅವನು ಕಣ್ಣು ಮುಚ್ಚಿ, ಸಾಲನ್ನೇ ಶುರುಮಾಡಿದ.

ಆದರೆ ಅವನಿಗೆ ಅರಬಿಯನ್ನು ಗಟ್ಟಿಯಾಗಿ ಹೇಳುವ ದಾರಿ ಗೊತ್ತಿದ್ದದ್ದು ಒಂದೇ. ದನಿ ತಾನಾಗಿ ಏರಿತು, ನಿಲ್ಲಬೇಕಾದಲ್ಲಿ ನಿಂತಿತು, ಎಳೆಯಬೇಕಾದಲ್ಲಿ ಎಳೆಯಿತು. ಫಿರಂಗಿ, ಮೀಟರು, ಪಂಪಿನ ಮನೆ, ಎಲ್ಲವೂ ಕುರಾನು ಓದುವ ಮದರಸದ ರಾಗದಲ್ಲಿ, ಐದು ವರ್ಷದ ಹುಡುಗನ ಭಯಭಕ್ತಿಯಲ್ಲಿ ಹೊರಬಂದವು. ಮೇಜಿನ ಎಡಗಡೆ ಯಾರೋ ಕಿಸಕ್ಕೆಂದು ನಕ್ಕರು. ಬಲಗಡೆಯೂ ನಕ್ಕರು. ಹನ್ನೊಂದು ದಿನ ಒಬ್ಬರ ಮುಖ ಒಬ್ಬರು ನೋಡದವರು ಒಟ್ಟಿಗೆ ನಕ್ಕರು. ಅವನ ಕಿವಿಗಳು ಉರಿದವು. ಕಾವಲಿನವನ ಕೈ ಬಂದು ತೋಳನ್ನು ಹಿಡಿಯಿತು. ಪೆನ್ನಿನ ಮೇಲೆ ಕೈಯಿಟ್ಟಿದ್ದ ಮುದುಕ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಹಸಿರು ಬಟ್ಟೆಯನ್ನು ನೋಡುತ್ತಿದ್ದ. ಇದಿನಬ್ಬ ಇನ್ನೊಂದು ಕೈಯಿಂದ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಮತ್ತೆ ಮೊದಲಿನಿಂದ ಓದತೊಡಗಿದ.